ಆಸ್ಪತ್ರೆಯಿಂದ ಬಂದ ಮೇಲೆ ತಂದ ಮಾತ್ರೆಗಳ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ ಮಾಡಿದ್ದಾರೆ, ಏನು ಮಾಡೋದು?

ಕೆರೆ_ಅಂಗಳ · ಮಂಡ್ಯ · ಏಪ್ರಿಲ್ 24

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನಿಗೆ 67. ಜನವರಿ ಮೊದಲ ವಾರ ಬೆಳಿಗ್ಗೆ ಹಾಲು ತರಲು ಹೋದವರು ಡೈರಿ ಮುಂದೆಯೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿ ಸ್ಟೆಂಟ್ ಹಾಕಿಸಿದೆವು. ಅದು ಕ್ಯಾಶ್‌ಲೆಸ್ ಆಯಿತು, ಅಂದರೆ ಇನ್ಶೂರೆನ್ಸ್‌ನವರೇ ನೇರವಾಗಿ ಆಸ್ಪತ್ರೆಗೆ ಕಟ್ಟಿದರು. ರೂಮಿಗೆ ಅಂತ ಇಷ್ಟು, ಅದಕ್ಕೆ ಇದಕ್ಕೆ ಅಂತ ಅಷ್ಟು ಕೈಯಿಂದ ಕಟ್ಟಿಸಿಕೊಂಡರು, ಇರಲಿ, ಆ ಹೊತ್ತಿನಲ್ಲಿ ಯಾರು ಲೆಕ್ಕ ನೋಡುತ್ತಾರೆ. 9ನೇ ತಾರೀಕು ಡಿಸ್ಚಾರ್ಜ್. ಬಿಲ್ಲಿಂಗ್ ಕೌಂಟರ್ ಹುಡುಗಿಯೇ ಹೇಳಿದಳು, "ಸಾರ್, ಇನ್ನು 60 ದಿನ ತಗೊಳ್ಳೋ ಮಾತ್ರೆ, ಟೆಸ್ಟ್, ಡಾಕ್ಟರ್ ಫೀಸು, ಎಲ್ಲಾ ಬಿಲ್ ಇಟ್ಕೊಳ್ಳಿ, ಇನ್ಶೂರೆನ್ಸ್‌ನವರು ಕೊಡ್ತಾರೆ" ಅಂತ. ಮನೆಗೆ ಬಂದು ಪಾಲಿಸಿ ತೆಗೆದು ನೋಡಿದೆ. ನಿಜ, ಸೇರುವುದಕ್ಕೆ ಮುಂಚಿನ 30 ದಿನ, ಬಂದ ಮೇಲಿನ 60 ದಿನ ಅಂತ ಇದೆ.

ಬಿಲ್ಲುಗಳನ್ನೆಲ್ಲ ಒಂದು ಸ್ವೀಟ್ ಡಬ್ಬಿಗೆ ಹಾಕುತ್ತಾ ಬಂದೆ. ಮಾರ್ಚ್ 20ಕ್ಕೆ ಫಾರಂ ತುಂಬಿ ಕೊರಿಯರ್ ಮಾಡಿದೆ. ಒಟ್ಟು 18,640 ರೂಪಾಯಿ. ಮೊನ್ನೆ ಬ್ಯಾಂಕಿಗೆ ಬಂದಿದ್ದು 7,215.

ಕಟ್ ಮಾಡಿದ 11,425ಕ್ಕೆ ಅವರ ಪತ್ರದಲ್ಲಿ ಕಾರಣ ಹೀಗಿವೆ. ಎರಡು ಮೆಡಿಕಲ್ ಬಿಲ್ 3,860, ಯಾಕೆಂದರೆ ಬಿಲ್ಲಲ್ಲಿ ನನ್ನ ಹೆಸರಿದೆ, ಅಪ್ಪನದ್ದಲ್ಲ. ಅಂಗಡಿಗೆ ಹೋದವನು ನಾನು, ಹೆಸರು ಕೇಳಿದರು, ಹೇಳಿದೆ, ಅಷ್ಟೇ! ಶುಗರ್ ಮಾತ್ರೆ ಮತ್ತು ಇನ್ಸುಲಿನ್ 2,940, "ದಾಖಲಾದ ಕಾಯಿಲೆಗೆ ಸಂಬಂಧ ಇಲ್ಲ". ಶುಗರ್ ನೋಡುವ ಸ್ಟ್ರಿಪ್ ಮತ್ತು ಪ್ರೋಟೀನ್ ಪುಡಿ 1,625, "ಕೊಡಲು ಬರುವುದಿಲ್ಲ". ಡಿಸೆಂಬರ್ ಕೊನೆಯಲ್ಲಿ ಎದೆ ಉರಿ ಅಂತ ಇಲ್ಲೇ ಮಂಡ್ಯದ ಡಾಕ್ಟರಿಗೆ ತೋರಿಸಿ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದ್ದು 2,100. ಅದೂ ಸಂಬಂಧ ಇಲ್ಲವಂತೆ, ಆ ಡಾಕ್ಟರು ಚೀಟಿಯಲ್ಲಿ ಗ್ಯಾಸ್ಟ್ರೈಟಿಸ್ ಅಂತ ಬರೆದಿದ್ದರು. ಕೊನೆಯದು 900. ಆನ್‌ಲೈನ್‌ನಲ್ಲಿ ಮಾರ್ಚ್ 8ಕ್ಕೆ ಆರ್ಡರ್ ಮಾಡಿದ ಮಾತ್ರೆ, ದುಡ್ಡು ಅವತ್ತೇ ಕಟ್ಟಿದ್ದೆ, ಆದರೆ ಬಿಲ್ ಮೇಲಿನ ತಾರೀಕು 13. 60 ದಿನ 10ಕ್ಕೇ ಮುಗಿಯಿತಂತೆ.

ಹೆಲ್ಪ್‌ಲೈನ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಸಿಸ್ಟಮ್‌ನಲ್ಲಿ ಕ್ಲೋಸ್ಡ್ ಅಂತ ತೋರಿಸ್ತಿದೆ ಸಾರ್". ಇದರಲ್ಲಿ ಯಾವುದಕ್ಕೆ ಹೋರಾಡಬಹುದು, ಯಾವುದನ್ನು ಬಿಟ್ಟುಬಿಡಬೇಕು? ಇನ್ನೊಂದು ಪ್ರಶ್ನೆ. ಮಾತ್ರೆ ಇನ್ನೂ ನಡೆಯುತ್ತಿದೆ, ತಿಂಗಳಿಗೆ ಮೂರು ಸಾವಿರದ ಹತ್ತಿರ ಆಗುತ್ತೆ. ಅದು ಯಾವುದರಲ್ಲಾದರೂ ವಾಪಸ್ ಬರುತ್ತಾ?

ಮೆಡಿಕಲ್ಸ್_ಅಣ್ಣ · ಸರಸ್ವತಿಪುರಂ, ಮೈಸೂರು

19 ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ, ಹೆಸರಿನ ಕಥೆ ವಾರಕ್ಕೆ ಎರಡಾದರೂ ನೋಡುತ್ತೇನೆ. ಅರ್ಧ ತಪ್ಪು ನಮ್ಮದೇ. ಸಂಜೆ ಏಳರ ಮೇಲೆ ಅಂಗಡಿ ತುಂಬಾ ಜನ, "ಹೆಸರು?" ಅಂತೀವಿ, ಎದುರಿಗಿರುವವರು ತಮ್ಮ ಹೆಸರು ಹೇಳುತ್ತಾರೆ. "ಪೇಷೆಂಟ್ ಹೆಸರು?" ಅಂತ ಕೇಳಬೇಕು. ಇನ್ನು ಕೆಲವರು ಏನೂ ಹೇಳುವುದಿಲ್ಲ, ಹುಡುಗರು "ಕ್ಯಾಶ್" ಅಂತ ಹೊಡೆದು ಪ್ರಿಂಟ್ ತೆಗೆದುಬಿಡುತ್ತಾರೆ. ಆ ಬಿಲ್ ಕ್ಲೇಮಿಗೆ ಬರಲ್ಲ, ಕಡಲೆಕಾಯಿ ಕಟ್ಟುವುದಕ್ಕೆ ಸರಿ.

ಈಗ ಮಾಡಬಹುದಾದದ್ದು ಇದು. ಆ ಎರಡೂ ಬಿಲ್ ಹಿಡಿದುಕೊಂಡು ಅದೇ ಅಂಗಡಿಗೆ ಹೋಗಿ. ಹಳೇ ತಾರೀಕಿಗೆ ಹೊಸ ಬಿಲ್ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ, ಒಳ್ಳೆ ಅಂಗಡಿಯವರು ಮಾಡುವುದಿಲ್ಲ, ಮಾಡಿಕೊಟ್ಟರೂ ನಂಬರ್ ತಾಳೆ ಆಗದೆ ಸಿಕ್ಕಿಬೀಳುತ್ತೀರಿ. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೇಳಿ. ಬಿಲ್ ನಂಬರ್ ಇಂಥದ್ದು, ತಾರೀಕು ಇಂಥದ್ದು, ಇಂಥ ಡಾಕ್ಟರ ಚೀಟಿ ನೋಡಿ ಇಂಥ ರೋಗಿಗಾಗಿ ಮಗನಿಗೆ ಮಾರಿದ ಔಷಧಿ ಇದು ಅಂತ. ಸೀಲು, ಸಹಿ, ಡ್ರಗ್ ಲೈಸೆನ್ಸ್ ನಂಬರ್. ನಮ್ಮ ಗಿರಾಕಿಗಳಿಗೆ ಇಂಥ ಪತ್ರ ಕೊಟ್ಟು ದುಡ್ಡು ಬಂದಿದೆ.

ಮುಂದಿನ ಸಲ ಬಿಲ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ನೋಡಿ. ರೋಗಿಯ ಹೆಸರು, ಡಾಕ್ಟರ ಹೆಸರು, ತಾರೀಕು, ಬ್ಯಾಚ್ ನಂಬರ್, ಎಕ್ಸ್‌ಪೈರಿ. ಕೆಲವು ಕಡೆ "ಎಸ್ಟಿಮೇಟ್" ಅಂತ ಸಣ್ಣ ಚೀಟಿ ಕೊಡುತ್ತಾರೆ, ಅದು ಬಿಲ್ ಅಲ್ಲ. ಜನ ಕಾಣದ ಇನ್ನೊಂದು ವಿಷಯ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರು "15 ದಿನ, ಆಮೇಲೆ ಬಂದು ತೋರಿಸಿ" ಅಂತ ಬರೆದಿರುತ್ತಾರೆ. ನೀವು ಹೋಗಿ ತೋರಿಸುತ್ತೀರಿ, ಅವರು "ಅದೇ ಮಾತ್ರೆ ಮುಂದುವರಿಸಿ" ಅಂತ ಬಾಯಲ್ಲೇ ಹೇಳಿ ಕಳಿಸುತ್ತಾರೆ. ನಾವೂ ಹಳೇ ಚೀಟಿ ನೋಡಿ ಕೊಟ್ಟುಬಿಡುತ್ತೇವೆ. ಕ್ಲೇಮ್ ನೋಡುವವನ ಲೆಕ್ಕದಲ್ಲಿ 16ನೇ ದಿನದಿಂದ ನಿಮ್ಮ ಹತ್ತಿರ ಚೀಟಿಯೇ ಇಲ್ಲ. ಪ್ರತಿ ಸಲ ಹೋದಾಗಲೂ ಮಾತ್ರೆ ಹೆಸರು, ಎಷ್ಟು ದಿನ ಅಂತ ಬರೆಸಿಕೊಂಡೇ ಬನ್ನಿ. ಡಾಕ್ಟರು ಸಿಡುಕಿದರೂ ಸರಿ.

ಪ್ರೋಟೀನ್ ಪುಡಿ ಬಿಟ್ಟುಬಿಡಿ ಅಣ್ಣಾ. ಅದನ್ನು ಮಾರಿ ಲಾಭ ಮಾಡುವವನೇ ಹೇಳುತ್ತಿದ್ದೇನೆ.

ಹಳೇ_ಟಿಪಿಎ · ಕುವೆಂಪುನಗರ, ಮೈಸೂರು

ನಾನು ಬೆಂಗಳೂರಿನಲ್ಲಿ ಒಂದು ಟಿಪಿಎಯಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯಲ್ಲಿ, ಎಂಟು ವರ್ಷ ಇದ್ದೆ, ನೀವು ಕಳಿಸುವ ಡಬ್ಬಿಗಳನ್ನು ತೆರೆಯುವ ಕಡೆ. ಮದುವೆ ಆಗಿ ಮೈಸೂರಿಗೆ ಬಂದ ಮೇಲೆ ಬಿಟ್ಟೆ. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಟೇಬಲ್ ಮುಂದೆ ಕೂತವರಿಗೆ ನಿಮ್ಮಪ್ಪ ಗೊತ್ತಿಲ್ಲ. ಮೂರು ಕಾಗದ ನೋಡುತ್ತಾರೆ: ಡಿಸ್ಚಾರ್ಜ್ ಸಮ್ಮರಿಯಲ್ಲಿರುವ ಕಾಯಿಲೆ, ಚೀಟಿಯಲ್ಲಿರುವ ಮಾತ್ರೆ, ಬಿಲ್ಲಿನಲ್ಲಿರುವ ಮಾತ್ರೆ. ಮೂರೂ ಒಂದಕ್ಕೊಂದು ಕೂಡಿಕೊಂಡರೆ ಪಾಸ್. ಎಲ್ಲೋ ಒಂದು ಕೊಂಡಿ ತಪ್ಪಿದರೆ ಕಟ್. ಕ್ರೂರತನ ಏನಿಲ್ಲ, ದಿನಕ್ಕೆ ಇಷ್ಟು ಫೈಲ್ ಮುಗಿಸಬೇಕು ಅನ್ನುವ ಒತ್ತಡ ಮಾತ್ರ ಇರುತ್ತೆ. ಅದಕ್ಕೇ ಫೋನ್ ಮಾಡುವುದು ದಂಡ. ಬರೆದು ಕಳಿಸಿ.

ನಿಮ್ಮ ಪಟ್ಟಿಗೆ ಬರೋಣ. ಹೆಸರಿನ 3,860 ಬರಲೇಬೇಕು, ಮೆಡಿಕಲ್ಸ್ ಅಣ್ಣ ಹೇಳಿದ ಪತ್ರ ಸಾಕು. 900ಕ್ಕೂ ಹೋರಾಡಿ. ಖರ್ಚು ಆಗಿದ್ದು ದುಡ್ಡು ಕಟ್ಟಿದ ದಿನ, ಪಾರ್ಸೆಲ್ ಹೊರಟ ದಿನ ಅಲ್ಲ ಅಂತ ವಾದ ಮಾಡಿ, ಆರ್ಡರ್ ಇಮೇಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಸ್ಟ್ರಿಪ್‌ಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಬಿಟ್ಟುಬಿಡಿ. ವಿಟಮಿನ್, ಪುಡಿ ಇತ್ಯಾದಿ ಡಾಕ್ಟರು ಆಸ್ಪತ್ರೆ ಚಿಕಿತ್ಸೆಯ ಭಾಗವಾಗಿ ಬರೆದಿದ್ದರೆ ಮಾತ್ರ. ಬರೆದಿದ್ದರಾ? ಇಲ್ಲ ಅಲ್ವಾ?

ಶುಗರ್ ಮಾತ್ರೆ ಕಷ್ಟದ ಪ್ರಶ್ನೆ. ಮುಂಚಿನ 30 ದಿನ, ಆಮೇಲಿನ 60 ದಿನ ಅನ್ನುವುದು ಯಾವ ಕಾಯಿಲೆಗೆ ಸೇರಿಸಿದರೋ ಅದೇ ಕಾಯಿಲೆಗೆ ಮಾತ್ರ. ಅಪ್ಪನಿಗೆ ಶುಗರ್ ಮೊದಲಿಂದಲೂ ಇದ್ದು, ಅದೇ ಹಳೇ ಮಾತ್ರೆ ನುಂಗುತ್ತಿದ್ದರೆ ಕೊಡುವುದಿಲ್ಲ. ಆದರೆ ಇನ್ಸುಲಿನ್ ಈ ಸಲ ಆಸ್ಪತ್ರೆಯಲ್ಲೇ ಶುರು ಮಾಡಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಸಾಲಿನಲ್ಲಿ ಡಯಾಬಿಟಿಸ್ ಅಂತಲೂ ಇದ್ದರೆ, ಹೃದಯದ ಡಾಕ್ಟರಿಂದ ಎರಡು ಸಾಲು ಬರೆಸಿ ಹಾಕಿ ನೋಡಿ. ಬಂದರೆ ಬಂತು.

ಗ್ಯಾಸ್ಟ್ರೈಟಿಸ್ ಅನ್ನು ಬಿಡಬೇಡಿ. ಹಾರ್ಟ್ ನೋವನ್ನು ಗ್ಯಾಸ್ ಅಂದುಕೊಳ್ಳುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆ, ಡಾಕ್ಟರಿಗೂ ಮೊದಲ ದಿನ ಹಾಗೆ ಕಂಡಿರಬಹುದು. ಅವರು ಇಸಿಜಿ ಬರೆದರು ಅಂದರೆ ಎದೆಯ ಮೇಲೂ ಅನುಮಾನ ಇತ್ತು ಅಂತ. ಸಮ್ಮರಿಯಲ್ಲಿ "ಹತ್ತು ದಿನದಿಂದ ಎದೆ ನೋವು" ಅಂತ ಏನಾದರೂ ಇದ್ದರೆ ಅದನ್ನು ಗುರುತು ಮಾಡಿ ಕಳಿಸಿ.

ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಮೇ 29ರ ಸುತ್ತೋಲೆ ಒಂದಿದೆ. ಕ್ಲೇಮನ್ನು ತಳ್ಳಿಹಾಕಿದರೂ, ಅದರಲ್ಲಿ ಸ್ವಲ್ಪ ಕತ್ತರಿಸಿದರೂ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಕಂಪನಿ ತೋರಿಸಬೇಕು. "ಕೊಡಲು ಬರುವುದಿಲ್ಲ" ಅನ್ನುವುದು ಉತ್ತರ ಅಲ್ಲ. ಪ್ರತಿ ಕಡಿತಕ್ಕೂ ಷರತ್ತಿನ ನಂಬರ್ ಕೇಳಿ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಇಮೇಲ್ ಮಾಡಿ. ಟಿಪಿಎಗೆ ಅಲ್ಲ, ಕಂಪನಿಗೆ. ಅದಕ್ಕೂ ಬಗ್ಗದಿದ್ದರೆ ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾ, ಅಥವಾ 155255ಕ್ಕೆ ಫೋನ್. ಅದೂ ಆಗದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದರೆ ಕಂಪನಿ ಮೇಲಿನ ದೂರು ಕೇಳಿ ತೀರ್ಮಾನ ಮಾಡುವ ಅಧಿಕಾರಿ. ನಮ್ಮ ರಾಜ್ಯಕ್ಕೆ ಬೆಂಗಳೂರು ಜೆ.ಪಿ. ನಗರದಲ್ಲಿದೆ, ಆನ್‌ಲೈನ್‌ನಲ್ಲೂ ಹಾಕಬಹುದು. ಫೀಸಿಲ್ಲ, ವಕೀಲರು ಬೇಡ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಒಂದು ತಿಂಗಳು ಉತ್ತರ ಬಾರದಿರಬೇಕು ಅಥವಾ ಬಂದ ಉತ್ತರ ಒಪ್ಪಿಗೆ ಆಗದಿರಬೇಕು. ಅದಾದ ಮೇಲೆ ಒಂದು ವರ್ಷದ ಒಳಗೆ ಹೋಗಬೇಕು.

ಕೊನೆಗೆ ಒಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೂಮಿಗೆ ಇಷ್ಟು, ಅದಕ್ಕೆ ಅಷ್ಟು ಕಟ್ಟಿಸಿಕೊಂಡರು ಅಂದಿರಲ್ಲ, ಆ ಕ್ಯಾಶ್‌ಲೆಸ್ ಲೆಕ್ಕದ ಹಾಳೆ ಹುಡುಕಿ ತೆಗೆಯಿರಿ. ಪಾಲಿಸಿ ಮಿತಿಗಿಂತ ದುಬಾರಿ ರೂಮಲ್ಲಿದ್ದರೆ ಕೆಲವು ಖರ್ಚನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ಆದರೆ ಔಷಧಿ, ಸ್ಟೆಂಟ್‌ನಂಥ ವಸ್ತು, ಟೆಸ್ಟುಗಳು, ಇವುಗಳ ಮೇಲೆ ಆ ಕತ್ತರಿ ಹಾಕುವಂತಿಲ್ಲ ಅಂತ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಮನೆಗೆ ತಂದ ಮಾತ್ರೆಯ ನಾಲ್ಕು ಕಾಸಿಗೆ ಗುದ್ದಾಡುವ ಮಧ್ಯೆ ಆಸ್ಪತ್ರೆಯ ಫಾರ್ಮಸಿ ಬಿಲ್ಲಿನಲ್ಲಿ ಹೋದದ್ದನ್ನು ಯಾರೂ ನೋಡುವುದೇ ಇಲ್ಲ.

ಕಬ್ಬಿನ_ಗದ್ದೆ · ಮದ್ದೂರು

ಮೇಡಂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಶಸ್ವಿನಿ ಕಾರ್ಡ್ ಇದೆ, ಸೊಸೈಟಿಯಲ್ಲಿ ಕಟ್ಟಿದ್ದು. ಅದರಲ್ಲಿ ಮನೆಗೆ ತಂದ ಮಾತ್ರೆಗೆ ಬರುತ್ತಾ?

ಹಳೇ_ಟಿಪಿಎ

ಇಲ್ಲಣ್ಣ. ಅದು ನೆಟ್‌ವರ್ಕ್ ಆಸ್ಪತ್ರೆಗೆ ಸೇರಿ, ಅವರ ಪಟ್ಟಿಯಲ್ಲಿರುವ ಚಿಕಿತ್ಸೆ ಮಾಡಿಸಿಕೊಳ್ಳುವುದಕ್ಕೆ. ಮನೆಗೆ ಬಂದ ಮೇಲೆ ಮೆಡಿಕಲ್ಸ್ ಬಿಲ್ ಕೊಟ್ಟು ದುಡ್ಡು ಕೇಳುವ ದಾರಿ ಅದರಲ್ಲಿಲ್ಲ. ಮನೆಯಲ್ಲಿ ಯಾರಾದರೂ ಫ್ಯಾಕ್ಟರಿಯಲ್ಲಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಅದು ಬೇರೆ, ಅಲ್ಲಿ ಡಿಸ್ಪೆನ್ಸರಿಯಲ್ಲೇ ಮಾತ್ರೆ ಕೊಡುತ್ತಾರೆ, ಅವರನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ.

ಸಿಟ್ಟಿನ_ಸಿದ್ದ · ಹೆಬ್ಬಾಳು, ಮೈಸೂರು

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ, ನಾನು ಎರಡನೇ ಪ್ರಶ್ನೆಗೆ ಮಾತ್ರ ಬರುತ್ತೇನೆ, ತಿಂಗಳ ಮೂರು ಸಾವಿರದ್ದು.

ಬರಲ್ಲ ಗುರು. 61ನೇ ದಿನದಿಂದ ಅದು ನಿನ್ನ ಜೇಬು. ಸ್ಟೆಂಟ್ ಹಾಕಿದವರಿಗೆ ರಕ್ತ ತೆಳು ಮಾಡುವ ಎರಡು ಮಾತ್ರೆ ಸಾಮಾನ್ಯವಾಗಿ ವರ್ಷದ ತನಕ ಕೊಡುತ್ತಾರೆ, ಆಮೇಲೂ ಒಂದು ಮುಂದುವರಿಯುತ್ತೆ, ಕೊಲೆಸ್ಟ್ರಾಲ್ ಮಾತ್ರೆ ಬೇರೆ. ಮಾಮೂಲಿ ಪಾಲಿಸಿ ಇರುವುದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ಆಸ್ಪತ್ರೆಗೆ ಸೇರದೆ ಆಗುವ ಖರ್ಚಿಗೆ ಓಪಿಡಿ ಅಂತ ಬೇರೆ ಸೇರಿಸಿಕೊಡುತ್ತಾರೆ, ನಾನು ಒಂದು ವರ್ಷ ತಗೊಂಡು ನೋಡಿದೆ. ಅದಕ್ಕೆ ಜಾಸ್ತಿ ಕಟ್ಟಿದ್ದು 5,900. ವರ್ಷಕ್ಕೆ ಸಿಗುವ ಮಿತಿ 7,500. ಅದರೊಳಗೆ ಮಾತ್ರೆಗೆ 3,000ಕ್ಕಿಂತ ಮೇಲೆ ಇಲ್ಲ, ಅದೂ ಅವರು ಹೇಳಿದ ಅಂಗಡಿಯಲ್ಲೇ ತರಬೇಕು. ನಾನೇ ದುಡ್ಡು ಕೊಟ್ಟು, ನಾನೇ ಬಿಲ್ ಅಪ್‌ಲೋಡ್ ಮಾಡಿ, ನನ್ನ ದುಡ್ಡನ್ನೇ ನಾನು ವಾಪಸ್ ಬೇಡುವ ಕೆಲಸ. ಮುಂದಿನ ವರ್ಷ ತೆಗೆಸಿಬಿಟ್ಟೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ ಪ್ರೀಮಿಯಂ ಮೇಲಿದ್ದ 18% ಜಿಎಸ್‌ಟಿ ಹೋಯಿತು. ಅದು ಓಪಿಡಿಗಿಂತ ಜಾಸ್ತಿ ಉಪಕಾರ ಮಾಡಿತು ನನಗೆ.

ನಮ್ಮಮ್ಮನಿಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಇದೆ. ಜನೌಷಧಿ ಕೇಂದ್ರಕ್ಕೆ ಹೋಗುತ್ತೇನೆ. ತಿಂಗಳಿಗೆ 1,900 ಆಗುತ್ತಿದ್ದದ್ದು ಈಗ 450ರ ಆಸುಪಾಸು. ಮೊದಲು ಅಮ್ಮ "ಅಗ್ಗದ ಮಾತ್ರೆ, ಕೆಲಸ ಮಾಡಲ್ಲ" ಅಂತ ಹಠ ಹಿಡಿದರು. ಮೂರು ತಿಂಗಳು ಆದಮೇಲೆ ಶುಗರ್ ರಿಪೋರ್ಟ್ ತೋರಿಸಿದೆ, ಸುಮ್ಮನಾದರು. ಈಗ ಬೀದಿಯವರಿಗೆಲ್ಲ ಅವರೇ ಹೇಳಿ ಕಳಿಸುತ್ತಾರೆ.

ಇನ್ನೊಂದು. ಅಪ್ಪ ಅಮ್ಮನಿಗೆ 60 ದಾಟಿದ್ದು, ಅವರ ಹೆಸರಲ್ಲಿ ಯಾವ ಹೆಲ್ತ್ ಪಾಲಿಸಿಯೂ ಇಲ್ಲದಿದ್ದರೆ, ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಅವರ ಮಾತ್ರೆ ಖರ್ಚನ್ನು ಆದಾಯ ತೆರಿಗೆಯ ಕಡಿತಕ್ಕೆ 50,000 ತನಕ ತೋರಿಸಬಹುದು. ನಗದು ಕೊಟ್ಟರೆ ನಡೆಯಲ್ಲ, ಯುಪಿಐ ಅಥವಾ ಕಾರ್ಡ್. ನಿಮ್ಮಪ್ಪನಿಗೆ ಪಾಲಿಸಿ ಇದೆ, ಹಾಗಾಗಿ ನಿಮಗೆ ಪ್ರೀಮಿಯಂ ಮಾತ್ರ. ಅಮ್ಮನ ಹೆಸರು ಪಾಲಿಸಿಯಲ್ಲಿ ಇಲ್ಲದಿದ್ದರೆ ಅವರದ್ದು ಲೆಕ್ಕ ಹಾಕಿ.

ಮೆಡಿಕಲ್ಸ್_ಅಣ್ಣ

ಸಿದ್ದಣ್ಣ ಹೇಳಿದ್ದು ನಮ್ಮ ವ್ಯಾಪಾರಕ್ಕೆ ಏಟು, ಆದರೂ ಸರಿ. ಒಂದೇ ಎಚ್ಚರಿಕೆ. ಸ್ಟೆಂಟ್ ಹಾಕಿದವರ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ಬದಲಾಯಿಸಬೇಡಿ. ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರು ಮತ್ತು ಮಿಲಿಗ್ರಾಂ ಬರೆಸಿಕೊಂಡು ಹೋಗಿ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಕೂಡಿಸಿರುವುದು ಇರುತ್ತೆ, ಅಲ್ಲಿ ಬಿಡಿಬಿಡಿಯಾಗಿ ಕೊಟ್ಟರೆ ಮನೆಯಲ್ಲಿ ಒಂದನ್ನು ಮರೆಯುತ್ತಾರೆ. ಸ್ಟಾಕ್ ಇಲ್ಲ ಅಂತ ಎರಡು ದಿನ ಕಾಯುವುದಂತೂ ಬೇಡವೇ ಬೇಡ, ಅವತ್ತು ದುಬಾರಿಯಾದರೂ ಹೊರಗೆ ತಗೊಳ್ಳಿ.

ಕೆರೆ_ಅಂಗಳ · ಏಪ್ರಿಲ್ 26

ಎಲ್ಲರಿಗೂ ದೊಡ್ಡ ನಮಸ್ಕಾರ. ಮೇಡಂ, ನೀವು ಹೇಳಿದ ಹಾಳೆ ಸಿಕ್ಕಿತು, ಬೀರುವಿನಲ್ಲಿ ಎಕ್ಸ್‌ರೇ ಕವರ್ ಒಳಗಿತ್ತು. ನಮ್ಮ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 5,000. ನಾವಿದ್ದದ್ದು 6,500ದು, ಅವತ್ತು ಅದು ಬಿಟ್ಟು ಬೇರೆ ಖಾಲಿ ಇರಲಿಲ್ಲ. ಫಾರ್ಮಸಿ ಅಂತ 13,000 ಇದೆ, ಅದರಲ್ಲಿ ಕೊಟ್ಟಿರುವುದು 10,000. ಇದು ನೀವು ಹೇಳಿದ್ದೇ ತಾನೆ?

ಹಳೇ_ಟಿಪಿಎ

ಅದೇ. 6,500ಕ್ಕೆ 5,000 ಅಂದರೆ 13,000ಕ್ಕೆ 10,000, ಲೆಕ್ಕ ಕೂಡಿಸಿದ ಹಾಗೆ ಇದೆ. ಔಷಧಿ ಮೇಲೆ ರೂಮಿನ ಕತ್ತರಿ ಹಾಕಿದ್ದಾರೆ. ಇದನ್ನು ಬೇರೆ ಇಮೇಲ್ ಮಾಡಿ, ಮಾತ್ರೆ ಕ್ಲೇಮಿನ ಜೊತೆ ಕಲೆಸಬೇಡಿ, ಕಲೆಸಿದರೆ ಒಂದಕ್ಕೆ ಉತ್ತರ ಕೊಟ್ಟು ಎರಡನ್ನೂ ಮುಚ್ಚುತ್ತಾರೆ. ರೂಮಿನ ಜಾಸ್ತಿ ಬಾಡಿಗೆ, ಡಾಕ್ಟರ ವಿಸಿಟ್ ಫೀಸಲ್ಲಿ ಇಳಿಸಿದ್ದನ್ನು ಕೇಳಬೇಡಿ, ಅದು ಷರತ್ತಿನ ಪ್ರಕಾರವೇ ಇರುತ್ತೆ.

ಕೆರೆ_ಅಂಗಳ · ಜೂನ್ 11

ಕೇಳಿ ಬಿಟ್ಟುಹೋದವನು ಅಂದುಕೊಳ್ಳಬೇಡಿ, ಕಬ್ಬು ಕಟಾವು, ಅಪ್ಪನ ಚೆಕಪ್ಪು ಅಂತ ತಡವಾಯಿತು.

ಫಾರ್ಮಸಿಯ 3,000 ಬಂತು. ಅದೇ ಮೊದಲು ಬಂದದ್ದು, 17 ದಿನಕ್ಕೆ, ಒಂದು ಫೋನೂ ಮಾಡದೆ. ಷರತ್ತಿನ ನಂಬರ್ ಕೇಳಿದ್ದಕ್ಕೆ ಉತ್ತರವೇ ಕೊಡದೆ ಸುಮ್ನೆ ದುಡ್ಡು ಹಾಕಿಬಿಟ್ಟರು.

ಹೆಸರಿನ 3,860, ಆನ್‌ಲೈನಿನ 900, ಎರಡೂ ಕಳೆದ ವಾರ ಬಂದವು. ಒಂದು ಅಂಗಡಿಯವರು ಪತ್ರವನ್ನು ಕೂತ ಕೂತಲ್ಲೇ ಬರೆದುಕೊಟ್ಟರು. ಇನ್ನೊಬ್ಬರು "ನಮ್ಮ ಓನರ್ ಇಲ್ಲ" ಅಂತ ಮೂರು ಸಲ ಓಡಾಡಿಸಿದರು, ನಾಲ್ಕನೇ ಸಲ ನಮ್ಮಪ್ಪನನ್ನೇ ಸ್ಕೂಟರಲ್ಲಿ ಕೂರಿಸಿಕೊಂಡು ಹೋಗಿ ಅಂಗಡಿ ಮುಂದೆ ನಿಲ್ಲಿಸಿದೆ. ಓನರ್ ಒಳಗೇ ಇದ್ದರು.

ಶುಗರ್ ಮಾತ್ರೆ ಮತ್ತೆ ಇಲ್ಲ ಅಂದಿದ್ದಾರೆ, ಈ ಸಲ ಷರತ್ತಿನ ನಂಬರ್ ಹಾಕಿ. ಅಪ್ಪನಿಗೆ ಶುಗರ್ 11 ವರ್ಷದಿಂದ ಇದೆ, ಅದನ್ನು ಬಿಟ್ಟೆ. ಗ್ಯಾಸ್ಟ್ರೈಟಿಸ್ 2,100 ಮಾತ್ರ ಬಿಡುವುದಿಲ್ಲ. ಸಮ್ಮರಿಯಲ್ಲಿ "ಎರಡು ವಾರದಿಂದ ಆಗಾಗ ಎದೆ ನೋವು" ಅಂತ ಸ್ಪಷ್ಟವಾಗಿ ಇದೆ, ಅದನ್ನು ತೋರಿಸಿದರೂ ಅದೇ ಹಳೇ ಸಾಲು ಬಂತು. ನಿನ್ನೆ ರಾತ್ರಿ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹಾಕಿದೆ. ಹೆಂಡತಿ "2,100ಕ್ಕೆ ಇಷ್ಟೊಂದು ಯಾಕೆ" ಅಂತಾಳೆ. ಅಪ್ಪ "ಹಾಕು, ಆ ಇಸಿಜಿ ಮಾಡಿಸಿದ್ದು ನಾನು" ಅಂದರು.

ಜನೌಷಧಿಯಲ್ಲಿ ಡಾಕ್ಟರನ್ನು ಕೇಳಿಯೇ ಎರಡು ಮಾತ್ರೆ ಬದಲಾಯಿಸಿದೆವು, ರಕ್ತ ತೆಳು ಮಾಡುವುದು ಮಾತ್ರ ಮೊದಲಿನದ್ದೇ. ಈಗ ತಿಂಗಳಿಗೆ 1,700.

ಬಿಲ್ಲುಗಳು ಈಗಲೂ ಅದೇ ಸ್ವೀಟ್ ಡಬ್ಬಿಯಲ್ಲೇ ಇವೆ. ಮುಚ್ಚಳದ ಒಳಗೆ ಅಪ್ಪನ ಹೆಸರು ದೊಡ್ಡದಾಗಿ ಬರೆದು ಅಂಟಿಸಿದ್ದೇನೆ, ಅಂಗಡಿಗೆ ಹೋಗುವ ಮುಂಚೆ ಕಣ್ಣಿಗೆ ಬೀಳಲಿ ಅಂತ.